ಸೊನ್ನೆ ಮೊದಲೋ, ಬಾಕಿ ಮೊದಲೋ? ಹೋಲಿಕೆಯ ಸಾಲನ್ನು ಓದುವಂತೆ ಬರೆಯುವುದು

ಓದುಗರ ಪ್ರಶ್ನೆ:

ಮೇಡಂ, ಶಾಲೆ-ಕಾಲೇಜುಗಳ ಶುಲ್ಕ, ಹಾಜರಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯಿತು. ನಮ್ಮ ಟೀಮ್ ಲೀಡ್ ಸಿ ಭಾಷೆಯಲ್ಲಿ ಪಳಗಿದವರು. ನಾನು ‘ಬಾಕಿ == 0’ ಎಂದು ಬರೆದರೆ ಕೋಡ್ ರಿವ್ಯೂನಲ್ಲಿ ವಾಪಸ್ ಬರುತ್ತದೆ. ‘0 == ಬಾಕಿ’ ಎಂದೇ ಬರೆಯಬೇಕಂತೆ. ಇನ್ನೊಬ್ಬ ಸೀನಿಯರ್ ‘>’ ಚಿಹ್ನೆಯನ್ನೇ ಮುಟ್ಟಬೇಡಿ, ಎಲ್ಲವನ್ನೂ ‘<’ನಲ್ಲೇ ಬರೆಯಿರಿ ಅನ್ನುತ್ತಾರೆ. ಇಬ್ಬರ ನಡುವೆ ನನ್ನ ಪುಲ್ ರಿಕ್ವೆಸ್ಟ್ (ಬರೆದ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೂರು ಮೂರು ದಿನ ನಿಂತುಬಿಡುತ್ತದೆ. ಇದು ಬರೀ ಅವರವರ ಅಭ್ಯಾಸದ ವಿಷಯವೇ, ಇಲ್ಲ ನಿಜವಾಗಿ ಸರಿ-ತಪ್ಪು ಅಂತ ಇದೆಯೇ? ನಮ್ಮ ಕೋಡ್ ಹೆಚ್ಚಾಗಿ ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್. ಒಂದು ವರ್ಡ್‌ಪ್ರೆಸ್ ಪ್ಲಗಿನ್ ಕೂಡ ಇದೆ.

ಉತ್ತರ:

ಸರಿ-ತಪ್ಪು ಖಂಡಿತ ಇದೆ. ಆದರೆ ನಿಮ್ಮ ಸೀನಿಯರ್‌ಗಳು ವಾದ ಮಾಡುತ್ತಿರುವ ಜಾಗದಲ್ಲಿ ಅದು ಸ್ವಲ್ಪ ಮಾತ್ರ ಇದೆ. ಉಳಿದದ್ದು ಬೇರೆ ಕಡೆ ಇದೆ. ಅಲ್ಲಿಗೂ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಮೊದಲು ಒಂದು ವಿಷಯ. ಕೆಳಗೆ ಕೋಡ್ ಬರೆಯುವಾಗ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಪೈಥಾನ್ 3ರಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ಇಂಥ ಹೆಸರುಗಳು ನಿಜಕ್ಕೂ ನಡೆಯುತ್ತವೆ. ಆಫೀಸಿನಲ್ಲಿ ನೀವು ಹೀಗೆ ಬರೆಯಬೇಕು ಅಂತ ಹೇಳುತ್ತಿಲ್ಲ. ಹೋಲಿಕೆಯ ಸಾಲನ್ನು ಬಾಯಿಬಿಟ್ಟು ಓದುವುದು ನನಗೆ ಮುಖ್ಯ, ಅದಕ್ಕೆ ಕನ್ನಡದ ಹೆಸರು ಸಲೀಸು.

ನಿಮ್ಮ ಲೀಡ್ ಹೇಳುವ ‘0 == ಬಾಕಿ’ ಪದ್ಧತಿಗೆ ಯೋಡಾ ಕಂಡೀಷನ್ ಅಂತ ಹೆಸರು. ಸ್ಟಾರ್ ವಾರ್ಸ್ ಚಿತ್ರಗಳಲ್ಲಿ ಯೋಡಾ ಎಂಬ ಪಾತ್ರ ಇಂಗ್ಲಿಷ್ ವಾಕ್ಯಗಳನ್ನು ಹಿಂದುಮುಂದು ಮಾಡಿ ಮಾತಾಡುತ್ತದೆ, ಅದರಿಂದ ಬಂದ ಹೆಸರು. ಈ ಪದ್ಧತಿ ಹುಟ್ಟಿದ್ದಕ್ಕೆ ಗಟ್ಟಿಯಾದ ಕಾರಣ ಇತ್ತು. ಸಿ ಭಾಷೆಯಲ್ಲಿ ಒಂದು ‘=’ ಅಂದರೆ ಬೆಲೆ ತುಂಬುವುದು, ಎರಡು ‘==’ ಅಂದರೆ ಹೋಲಿಸುವುದು. ಕೈತಪ್ಪಿ ‘ಬಾಕಿ = 0’ ಎಂದು ಬರೆದರೂ ಸಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಅದನ್ನು ಒಪ್ಪುತ್ತದೆ. ಬಾಕಿ ಎಷ್ಟಿದ್ದರೂ ಸೊನ್ನೆ ಆಗಿಬಿಡುತ್ತದೆ, ಮತ್ತು ಆ ಕಂಡೀಷನ್ ಎಂದೂ ನಿಜವಾಗುವುದಿಲ್ಲ. ಸಂಖ್ಯೆಯನ್ನು ಎಡಕ್ಕೆ ಇಟ್ಟರೆ ‘0 = ಬಾಕಿ’ ಆಗುತ್ತದೆ. ಸೊನ್ನೆಗೆ ಬೆಲೆ ತುಂಬಲು ಆಗುವುದಿಲ್ಲವಲ್ಲ, ಕಂಪೈಲರ್ ಅಲ್ಲೇ ತಡೆಯುತ್ತದೆ.

ಈ ಒಂದು ‘=’ ಎಷ್ಟು ಅಪಾಯಕಾರಿ ಅನ್ನುವುದಕ್ಕೆ 2003ರ ನವೆಂಬರ್‌ನಲ್ಲಿ ನಡೆದದ್ದನ್ನು ಹೇಳಬೇಕು. ಆಗ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಮೂಲ ಕೋಡ್ ಬಿಟ್‌ಕೀಪರ್ ಎಂಬ, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ವ್ಯವಸ್ಥೆಯಲ್ಲಿ ಇತ್ತು. ಅದರದೊಂದು ನಕಲು ಸಿವಿಎಸ್ ಎಂಬ ಅಂಥದೇ ಇನ್ನೊಂದು ವ್ಯವಸ್ಥೆಯ ಸರ್ವರ್‌ನಲ್ಲಿ ಇತ್ತು. ಯಾರೋ ಆ ನಕಲಿನೊಳಗೆ ನುಗ್ಗಿ ಎರಡು ಸಾಲು ಸೇರಿಸಿದರು. ನೋಡಲು ಅದು ಸಾಮಾನ್ಯ ತಪಾಸಣೆಯಂತೆ ಕಾಣುತ್ತಿತ್ತು: ಕೆಲವು ಆಯ್ಕೆಗಳು ಹೀಗಿದ್ದು, ಬಳಕೆದಾರನ ಸಂಖ್ಯೆ ಸೊನ್ನೆ ಆಗಿದ್ದರೆ ತಪ್ಪು ಅಂತ ಹೇಳು. ಆದರೆ ಅಲ್ಲಿ ಇದ್ದದ್ದು ‘== 0’ ಅಲ್ಲ, ‘= 0’. ಲಿನಕ್ಸ್‌ನಲ್ಲಿ ಸೊನ್ನೆ ಅಂದರೆ ರೂಟ್, ಇಡೀ ಯಂತ್ರದ ಯಜಮಾನ. ಆ ಸಾಲು ತಪಾಸಣೆ ಮಾಡುತ್ತಿರಲಿಲ್ಲ, ಕರೆದವರನ್ನು ಸದ್ದಿಲ್ಲದೆ ರೂಟ್ ಮಾಡುತ್ತಿತ್ತು. ನಕಲಿನಲ್ಲಿದ್ದ ಬದಲಾವಣೆಗೆ ಮೂಲದಲ್ಲಿ ದಾಖಲೆ ಇಲ್ಲ ಅಂತ ಗೊತ್ತಾಗಿ ಅದು ಬೇಗ ಸಿಕ್ಕಿಬಿತ್ತು, ಮೂಲ ಕೋಡ್‌ಗೆ ಸೇರಲಿಲ್ಲ. ಒಂದೇ ಒಂದು ಅಕ್ಷರ ಕಡಿಮೆ ಇದ್ದದ್ದು, ಅಷ್ಟೇ.

ಹಾಗಾಗಿ ನಿಮ್ಮ ಲೀಡ್ ಹಟಮಾರಿ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಈ ಪೆಟ್ಟನ್ನು ನೋಡಿದ ತಲೆಮಾರು ಅದು. ಅವರ ಭಯ ನಿಜ. ಆದರೆ ಆ ಭಯಕ್ಕೆ ಇವತ್ತು ಬೇರೆ ಮದ್ದು ಬಂದಿದೆ. ಜಿಸಿಸಿ, ಕ್ಲ್ಯಾಂಗ್ ಎರಡೂ ಸಿ ಕಂಪೈಲರ್‌ಗಳು. ಜಿಸಿಸಿಯಲ್ಲಿ ‘ವಾಲ್’ ಎಂಬ ಎಚ್ಚರಿಕೆಯ ಆಯ್ಕೆ ಹಾಕಿದರೆ ಕಂಡೀಷನ್ ಒಳಗಿನ ಒಂಟಿ ‘=’ ನೋಡಿ ಅದು ಕೂಗುತ್ತದೆ. ಕ್ಲ್ಯಾಂಗ್ ಕೇಳದೆಯೇ ಕೂಗುತ್ತದೆ. ಪೈಥಾನ್‌ನಲ್ಲಿ ಕಂಡೀಷನ್ ಒಳಗೆ ಒಂಟಿ ‘=’ ಬರೆದರೆ ಪ್ರೋಗ್ರಾಮ್ ಶುರುವೇ ಆಗುವುದಿಲ್ಲ. 2019ರಲ್ಲಿ ಬಂದ ಪೈಥಾನ್ 3.8ರಲ್ಲಿ ಒಳಗೇ ಬೆಲೆ ತುಂಬುವ ಅವಕಾಶ ಕೊಟ್ಟಾಗಲೂ ಅದಕ್ಕೆ ‘:=’ ಎಂಬ ಬೇರೆ ಚಿಹ್ನೆಯನ್ನೇ ಇಟ್ಟರು, ಎರಡರ ನಡುವೆ ಗೊಂದಲ ಆಗಬಾರದು ಅಂತ. ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್ ಎಂಬ ಲಿಂಟರ್ ಇದೆ, ಅಂದರೆ ಕೋಡ್ ಓದಿ ತಪ್ಪು ತೋರಿಸುವ ಸಾಧನ, ಅದೂ ಹಿಡಿಯುತ್ತದೆ. ಯಂತ್ರ ಹಿಡಿಯುವುದನ್ನು ಮನುಷ್ಯರು ವಾಕ್ಯವನ್ನು ತಿರುಗಿಸಿ ಬರೆದು ಹಿಡಿಯಬೇಕಾಗಿಲ್ಲ. ಇನ್ನೂ ಒಂದು: ಎರಡೂ ಕಡೆ ವೇರಿಯಬಲ್ ಇದ್ದರೆ, ‘ಕಟ್ಟಿದ್ದು = ಒಟ್ಟು’ ಅನ್ನುವಂಥ ತಪ್ಪಿಗೆ ಯೋಡಾ ಯಾವ ಸಹಾಯವನ್ನೂ ಮಾಡುವುದಿಲ್ಲ. ಲಿಂಟರ್ ಅದನ್ನೂ ಹಿಡಿಯುತ್ತದೆ.

ಈಗ ಓದುವ ಮಾತಿಗೆ ಬರೋಣ. ‘ಹಿಂದುಮುಂದು ಆದರೆ ಏನಂತೆ, ಅರ್ಥ ಆಗುತ್ತದಲ್ಲ’ ಅಂತ ನಮ್ಮಲ್ಲಿ ಅನೇಕರಿಗೆ ಅನಿಸುತ್ತದೆ. ಅದಕ್ಕೆ ನಮ್ಮ ಭಾಷೆಯೇ ಕಾರಣ ಇರಬೇಕು. ಕನ್ನಡದಲ್ಲಿ ‘ಅಣ್ಣ ತಮ್ಮನಿಗಿಂತ ಎತ್ತರ’ ಅಂದರೂ ಸರಿ, ‘ತಮ್ಮನಿಗಿಂತ ಅಣ್ಣ ಎತ್ತರ’ ಅಂದರೂ ಸರಿ. ಯಾರು ಎತ್ತರ ಅನ್ನುವುದು ‘ಗಿಂತ’ದಲ್ಲಿದೆ. ಅದು ತಮ್ಮನಿಗೆ ಅಂಟಿಕೊಂಡೇ ಇರುತ್ತದೆ, ಅವನನ್ನು ವಾಕ್ಯದಲ್ಲಿ ಎಲ್ಲಿ ಬೇಕಾದರೂ ಕೂರಿಸಿ. ‘<’ ಚಿಹ್ನೆಗೆ ಇಂಥ ‘ಗಿಂತ’ ಇಲ್ಲ. ಎಡದಲ್ಲಿ ಯಾರು, ಬಲದಲ್ಲಿ ಯಾರು ಅನ್ನುವುದರಲ್ಲೇ ಎಲ್ಲ ಅರ್ಥ ಇದೆ. ಹಾಗಾಗಿ ಮಾತಿನಲ್ಲಿ ನಾವು ತೆಗೆದುಕೊಳ್ಳುವ ಸಲಿಗೆಯನ್ನು ಕೋಡ್‌ನಲ್ಲಿ ತೆಗೆದುಕೊಂಡರೆ ಓದುವವರು ಪ್ರತಿ ಸಾಲಿಗೂ ನಿಂತು, ಮನಸ್ಸಿನಲ್ಲೇ ತಿರುಗಿಸಿ, ಆಮೇಲೆ ಮುಂದೆ ಹೋಗಬೇಕು. ‘==’ನಲ್ಲಿ ತಿರುಗಿಸುವುದು ಸುಲಭ. ‘<’ನಲ್ಲಿ ಕಷ್ಟ. ಇದನ್ನು ಒಂದೇ ಉಸಿರಿನಲ್ಲಿ ಓದಿ ನೋಡಿ:

75 > ಹಾಜರಿ

ಇದನ್ನೂ ಓದಿ:

ಹಾಜರಿ < 75

ಎರಡನೆಯದು ‘ಹಾಜರಿ ಎಪ್ಪತ್ತೈದಕ್ಕಿಂತ ಕಡಿಮೆ’ ಅಂತ ತಾನಾಗಿ ಬಾಯಿಗೆ ಬರುತ್ತದೆ. ಮೊದಲನೆಯದರಲ್ಲಿ ಎಪ್ಪತ್ತೈದರ ಬಗ್ಗೆ ಏನೋ ಹೇಳಲು ಹೊರಟಂತಿದೆ. ಆದರೆ ನಾವು ವಿಚಾರಿಸುತ್ತಿರುವುದು ಎಪ್ಪತ್ತೈದನ್ನಲ್ಲ, ಹಾಜರಿಯನ್ನು. ಯಾರ ಬಗ್ಗೆ ಮಾತೋ ಅವರನ್ನು ಎಡಕ್ಕೆ ಇಡಿ. ಒಂದೇ ಗಡಿ ಇರುವ ಹೋಲಿಕೆಗೆ ಇಷ್ಟು ಸಾಕು. ‘>’ ಬೇಕಾದರೆ ‘>’, ‘<’ ಬೇಕಾದರೆ ‘<’. ಇಲ್ಲಿ ನಿಮ್ಮ ಎರಡನೇ ಸೀನಿಯರ್ ಮಾತನ್ನು ನಾನು ಒಪ್ಪುವುದಿಲ್ಲ. ‘ಅಂಕ >= ಪಾಸ್_ಅಂಕ’ ಅನ್ನುವ ಸಾಲನ್ನು ‘ಪಾಸ್_ಅಂಕ <= ಅಂಕ’ ಮಾಡಿ ಯಾರಿಗೂ ಉಪಕಾರ ಆಗುವುದಿಲ್ಲ.

ಆದರೆ ಎರಡು ಗಡಿ ಇದ್ದಾಗ ಅವರು ಹೇಳಿದ್ದು ಚಿನ್ನದಂಥ ಮಾತು. ಅವರಿಗೆ ಅದನ್ನು ನೀವೇ ಹೋಗಿ ಹೇಳಿ. ವಯಸ್ಸು 60ರಿಂದ 80ರ ನಡುವೆ ಇದೆಯೇ ಅನ್ನುವುದನ್ನು ಹೀಗೆ ಬರೆದಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ:

ವಯಸ್ಸು >= 60 && ವಯಸ್ಸು < 80

‘&&’ ಅಂದರೆ ‘ಮತ್ತು’. ತಪ್ಪಿಲ್ಲ. ಆದರೆ ಹೀಗೆ ಬರೆದು ನೋಡಿ:

60 <= ವಯಸ್ಸು && ವಯಸ್ಸು < 80

ಶಾಲೆಯಲ್ಲಿ ಎಳೆದ ಸಂಖ್ಯಾರೇಖೆ ಕಣ್ಣೆದುರು ಬರುತ್ತದೆ ಅಲ್ವಾ? ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ, ನಮ್ಮ ವಯಸ್ಸು ನಡುವೆ. ಇಲ್ಲಿ ಸಂಖ್ಯೆ ಎಡಕ್ಕೆ ಬಂದಿದ್ದರೂ ಯೋಡಾ ಅನಿಸುವುದಿಲ್ಲ. ಇಎಸ್‌ಲಿಂಟ್‌ನಲ್ಲಿ ಯೋಡಾವನ್ನು ತಡೆಯುವ ನಿಯಮ ಒಂದಿದೆ. ಅದರಲ್ಲೂ ಇಂಥ ವ್ಯಾಪ್ತಿಯ ಹೋಲಿಕೆಗೆ ರಿಯಾಯಿತಿ ಕೊಡುವ ಆಯ್ಕೆ ಇಟ್ಟಿದ್ದಾರೆ. ಹೊರಗಿದೆಯೇ ಅಂತ ಕೇಳುವಾಗಲೂ ಇದೇ ದಾರಿ: ‘ವಯಸ್ಸು < 60 || 80 <= ವಯಸ್ಸು’. ವಯಸ್ಸು ಎಡಗಡೆ ಆಚೆ ಇದೆ, ಇಲ್ಲ ಬಲಗಡೆ ಆಚೆ ಇದೆ. ಬರೆದದ್ದೇ ಚಿತ್ರ.

ಪೈಥಾನ್‌ನಲ್ಲಿ ಇನ್ನೂ ಸೊಗಸು. ಗಣಿತದ ಪುಸ್ತಕದಲ್ಲಿ ಇರುವಂತೆಯೇ ‘60 <= ವಯಸ್ಸು < 80’ ಎಂದು ಬರೆಯಬಹುದು, ಸರಿಯಾಗಿ ನಡೆಯುತ್ತದೆ. ಆದರೆ ಈ ಸುಖಕ್ಕೆ ಒಗ್ಗಿಕೊಂಡು ಅದೇ ಸಾಲನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದುಬಿಟ್ಟೀರಿ, ಜೋಕೆ. ಅಲ್ಲಿ ಮೊದಲು ‘60 <= ವಯಸ್ಸು’ ಲೆಕ್ಕ ಆಗುತ್ತದೆ, ಉತ್ತರ ಹೌದು ಅಥವಾ ಇಲ್ಲ. ಆಮೇಲೆ ಆ ಹೌದು-ಇಲ್ಲವನ್ನು 1 ಅಥವಾ 0 ಮಾಡಿಕೊಂಡು 80ರ ಜೊತೆ ಹೋಲಿಸುತ್ತದೆ. ಎರಡೂ 80ಕ್ಕಿಂತ ಕಡಿಮೆಯೇ, ಹಾಗಾಗಿ ಹತ್ತು ವರ್ಷದ ಮಗುವೂ ಹಿರಿಯ ನಾಗರಿಕ. ಸಿ ಭಾಷೆಯಲ್ಲೂ ಇದೇ ಕತೆ. ‘3 > 2 > 1’ ಎಂದು ಜಾವಾಸ್ಕ್ರಿಪ್ಟ್‌ಗೆ ಕೇಳಿದರೆ ಸುಳ್ಳು ಅನ್ನುತ್ತದೆ. ಜಾವಾ ಮತ್ತು ರಸ್ಟ್ ಇಂಥ ಸಾಲನ್ನು ಕಂಪೈಲ್ ಮಾಡಲೇ ಒಪ್ಪುವುದಿಲ್ಲ, ಅದು ಎಷ್ಟೋ ವಾಸಿ. ನೀವು ಎರಡೂ ಭಾಷೆಯಲ್ಲಿ ದಿನವೂ ಬರೆಯುವವರಾದ್ದರಿಂದ ಇದನ್ನು ಗಟ್ಟಿಯಾಗಿ ನೆನಪಿಡಿ.

60 ಮತ್ತು 80 ನಾನು ಸುಮ್ನೆ ಆರಿಸಿದ ಸಂಖ್ಯೆಗಳಲ್ಲ. ನಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಹಿರಿಯ ನಾಗರಿಕರು ಅಂದರೆ 60 ಅಥವಾ ಅದಕ್ಕಿಂತ ಹೆಚ್ಚು, ಆದರೆ 80ಕ್ಕಿಂತ ಕಡಿಮೆ ವಯಸ್ಸಿನವರು. 80 ಮತ್ತು ಮೇಲಿನವರು ಅತಿ ಹಿರಿಯರು. ಎಡಗಡಿ ಒಳಗೆ, ಬಲಗಡಿ ಹೊರಗೆ. ಹೀಗೆ ಕಟ್ಟಿದರೆ ಒಂದು ಗುಂಪು ಮುಗಿಯುವ ಜಾಗದಲ್ಲೇ ಇನ್ನೊಂದು ಶುರು. ಯಾರೂ ಎರಡು ಗುಂಪಿಗೆ ಸೇರುವುದಿಲ್ಲ, ಯಾರೂ ಸಂದಿಯಲ್ಲಿ ಬೀಳುವುದಿಲ್ಲ. ಬಲಗಡಿಯಿಂದ ಎಡಗಡಿ ಕಳೆದರೆ ಎಷ್ಟು ವರ್ಷದ ವ್ಯಾಪ್ತಿ ಅನ್ನುವುದೂ ಸಿಗುತ್ತದೆ. 1982ರಲ್ಲಿ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಅವರು ಎಣಿಕೆ ಸೊನ್ನೆಯಿಂದ ಏಕೆ ಶುರುವಾಗಬೇಕು ಎಂದು ಒಂದು ಚಿಕ್ಕ ಟಿಪ್ಪಣಿ ಬರೆದರು. ಅದರಲ್ಲಿ ವ್ಯಾಪ್ತಿ ಬರೆಯುವ ನಾಲ್ಕು ರೀತಿಗಳನ್ನು ಪಕ್ಕಪಕ್ಕ ಇಟ್ಟು, ಎಡಕ್ಕೆ ‘≤’, ಬಲಕ್ಕೆ ‘<’ ಇರುವುದೇ ಒಳ್ಳೆಯದು ಎಂದು ತೋರಿಸಿದರು. ಪೈಥಾನ್‌ನ ರೇಂಜ್ (ಸಂಖ್ಯೆಗಳ ಸರಣಿ), ಸ್ಲೈಸ್ (ಪಟ್ಟಿಯ ತುಂಡು) ಎರಡೂ ಇದೇ ದಾರಿಯಲ್ಲಿವೆ.

ಆದರೆ ಅದೇ ತೆರಿಗೆಯಲ್ಲಿ ಆದಾಯದ ಸ್ಲ್ಯಾಬ್ ನೋಡಿ. ಅಲ್ಲಿ ಮಾತು ‘ಇಷ್ಟನ್ನು ಮೀರಿ, ಇಷ್ಟನ್ನು ಮೀರದಂತೆ’ ಅನ್ನುವ ರೀತಿ. ಅಂದರೆ ಎಡಗಡಿ ಹೊರಗೆ, ಬಲಗಡಿ ಒಳಗೆ. ಪೂರ್ತಿ ಉಲ್ಟಾ! ಸ್ಲ್ಯಾಬ್‌ನಲ್ಲಿ ತಪ್ಪಿದರೂ ಪರವಾಗಿಲ್ಲ, ಗಡಿಯ ರೂಪಾಯಿಗೆ ಯಾವ ದರ ಹಾಕಿದರೂ ವ್ಯತ್ಯಾಸ ಪೈಸೆಗಳಲ್ಲಿ. ಆದರೆ ರಿಯಾಯಿತಿಯಲ್ಲಿ ಹಾಗಲ್ಲ. ಹಳೆ ತೆರಿಗೆ ಪದ್ಧತಿಯಲ್ಲಿ 60ಕ್ಕಿಂತ ಕಡಿಮೆ ವಯಸ್ಸಿನವರ ಒಟ್ಟು ಆದಾಯ 5,00,000 ರೂಪಾಯಿ ಮೀರದಿದ್ದರೆ 12,500 ರೂಪಾಯಿವರೆಗಿನ ತೆರಿಗೆ ಮನ್ನಾ. ಸರಿಯಾಗಿ 5,00,000 ಇದ್ದವರ ತೆರಿಗೆ 12,500, ಪೂರ್ತಿ ಮನ್ನಾ, ಕಟ್ಟುವುದು ಸೊನ್ನೆ. 5,00,010 ಆದರೆ 12,502 ರೂಪಾಯಿ, ಮೇಲೆ ನಾಲ್ಕು ಪರ್ಸೆಂಟ್ ಸೆಸ್. ಇಲ್ಲಿ ‘ಆದಾಯ <= 500000’ ಬದಲು ‘ಆದಾಯ < 500000’ ಎಂದು ಬರೆದ ಪ್ರೋಗ್ರಾಮ್ ಗಡಿಯಲ್ಲಿ ನಿಂತ ಒಬ್ಬ ಮನುಷ್ಯನಿಂದ ಹನ್ನೆರಡೂವರೆ ಸಾವಿರ ಕಿತ್ತುಕೊಳ್ಳುತ್ತದೆ. ಕೋಡ್ ಚೆನ್ನಾಗಿ ಕಾಣಲಿ ಅಂತ ನಾನು ಇದೆಲ್ಲ ಹೇಳುತ್ತಿಲ್ಲ. ಈ ಚಿಹ್ನೆಯ ಆಚೆ ಒಬ್ಬ ಮನುಷ್ಯ ಇರುತ್ತಾನೆ.

ನಿಮ್ಮ ಟೀಮ್‌ನ ಜಗಳದಲ್ಲಿ ಕಾಣದೆ ಹೋಗಿರುವ ನಿಜವಾದ ಸರಿ-ತಪ್ಪು ಇದೇ ಗಡಿ. ಅದು ಒಳಗೋ ಹೊರಗೋ?

ಕಷ್ಟ ಏನೆಂದರೆ, ಗಿರಾಕಿಗಳು ನಮಗೆ ನಿಯಮವನ್ನು ಚಿಹ್ನೆಯಲ್ಲಿ ಕೊಡುವುದಿಲ್ಲ, ಮಾತಿನಲ್ಲಿ ಕೊಡುತ್ತಾರೆ. ನಮ್ಮ ಮಾತು ಕೆಲವು ಕಡೆ ಗಡಿಯನ್ನು ಬಹಳ ಸ್ಪಷ್ಟವಾಗಿ ಹೇಳುತ್ತದೆ. ‘18 ತುಂಬಿದವರು’ ಅಂದರೆ ‘>= 18’, ಅನುಮಾನವೇ ಇಲ್ಲ. ‘ಕನಿಷ್ಠ 75’ ಅಂದರೆ ‘>= 75’. ‘500 ಮೀರಬಾರದು’ ಅಂದರೆ ‘<= 500’. ಆದರೆ ‘60 ದಾಟಿದವರು’? ಅರವತ್ತನೇ ಹುಟ್ಟುಹಬ್ಬ ಆದ ಮರುದಿನದಿಂದಲೇ ಊರಲ್ಲಿ ಅರವತ್ತು ದಾಟಿತು ಅನ್ನುತ್ತಾರೆ. ಕೋಡ್‌ನಲ್ಲಿ ವಯಸ್ಸು ಪೂರ್ಣ ವರ್ಷದಲ್ಲಿದ್ದರೆ ‘> 60’ ಅಂದರೆ 61 ಆಗುವ ತನಕ ಕಾಯಬೇಕು. ‘10ನೇ ತಾರೀಖಿನೊಳಗೆ ಕಟ್ಟಿ’ ಅಂದರೆ 10 ಸೇರಿತೋ ಇಲ್ಲವೋ? ಹತ್ತು ಜನರನ್ನು ಕೇಳಿ, ಎರಡು ಉತ್ತರ ಬರುತ್ತದೆ. ಇಂಥ ಮಾತು ಬಂದ ಕೂಡಲೇ ಫೋನ್ ತೆಗೆದು ಕೇಳಿ: ‘ಸರ್, ಹತ್ತನೇ ತಾರೀಖಿನ ದಿನವೇ ಬಂದು ಕಟ್ಟಿದರೆ ದಂಡ ಇದೆಯಾ?’ ಆ ಉತ್ತರ ಸಿಗುವ ತನಕ ಆ ಸಾಲನ್ನು ಬರೆಯಬೇಡಿ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಕಾಲೇಜಿನ ಶುಲ್ಕದ ಲೆಕ್ಕ ಬರೆಯುತ್ತಿದ್ದೆ. 10ನೇ ತಾರೀಖು ಕೊನೆಯ ದಿನ, ಅದಾದ ಮೇಲೆ ದಂಡ. ನಾನು ಕೇಳಿಕೊಂಡೇ ಬರೆದಿದ್ದೆ. ಸಾಲು ಹೀಗಿತ್ತು:

ದಂಡ_ಇದೆ = ಪಾವತಿ_ಸಮಯ > ಕೊನೆ_ದಿನ

ಓದಿದರೆ ಸರಿಯಾಗೇ ಇದೆ. ಕೊನೆಯ ದಿನಕ್ಕಿಂತ ಆಮೇಲೆ ಕಟ್ಟಿದರೆ ದಂಡ. ಆದರೆ ಡೇಟಾಬೇಸ್‌ನಲ್ಲಿ ಕೊನೆ ದಿನ ಅಂತ ಇದ್ದದ್ದು 10ನೇ ತಾರೀಖಿನ 00:00 ಗಂಟೆ. ಪಾವತಿ ಸಮಯದಲ್ಲಿ ಗಂಟೆ-ನಿಮಿಷ ಎಲ್ಲ ಇತ್ತು. 10ರಂದು ಬೆಳಗ್ಗೆ ಹನ್ನೊಂದಕ್ಕೆ ಬಂದು ಕಟ್ಟಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ದಂಡ ಬಿತ್ತು. ಕೊನೆಯ ದಿನ ಅಂದರೆ ಜನರ ಸಾಲು ಉದ್ದ, ಹಣ ಹೊಂದಿಸಿಕೊಂಡು ಬರುವವರೆಲ್ಲ ಅವತ್ತೇ ಬರುವುದು. ಯಾರಿಗೆ ಹಣದ ಕಷ್ಟ ಜಾಸ್ತಿಯೋ ಅವರ ಮೇಲೆಯೇ ನನ್ನ ‘>’ ಬಿದ್ದಿತ್ತು. ದಂಡ ವಾಪಸ್ ಕೊಡಿಸಲು ಎರಡು ವಾರ ಹಿಡಿಯಿತು. ಅವತ್ತಿನಿಂದ ಹೋಲಿಕೆಯ ಸಾಲನ್ನು ನಾನು ಬೇರೆ ಸಾಲುಗಳಂತೆ ಓದುವುದಿಲ್ಲ.

ಸರಿಪಡಿಸುವಾಗ ಮೊದಲು ಹೊಳೆಯುವುದು ಕೊನೆ ದಿನವನ್ನು 23:59:59 ಮಾಡಿ ‘<=’ ಹಾಕುವುದು. ಅದು ಮಾಡಬೇಡಿ. 23:59:59 ಆಗಿ ಅರ್ಧ ಸೆಕೆಂಡ್ ಆದಮೇಲೆ ಬಂದ ಆನ್‌ಲೈನ್ ಪಾವತಿ ಎಲ್ಲಿಗೆ ಹೋಗಬೇಕು? ಮರುದಿನದ ಆರಂಭವನ್ನೇ ಗಡಿ ಮಾಡಿ, ಅದನ್ನು ಹೊರಗಿಡಿ:

ಸಮಯಕ್ಕೆ_ಕಟ್ಟಿದ್ದಾರೆ = ಪಾವತಿ_ಸಮಯ < ಗಡುವು_ಮುಗಿದ_ಕ್ಷಣ

ಇಲ್ಲಿ ಗಡುವು ಮುಗಿದ ಕ್ಷಣ ಅಂದರೆ 11ನೇ ತಾರೀಖಿನ 00:00. ತಿಂಗಳ ಪಾವತಿಗಳನ್ನು ಎತ್ತುವಾಗಲೂ ಹಾಗೆಯೇ: ‘ತಿಂಗಳ_ಆರಂಭ <= ಸಮಯ && ಸಮಯ < ಮುಂದಿನ_ತಿಂಗಳ_ಆರಂಭ’. ಫೆಬ್ರವರಿಗೆ 28 ದಿನವೋ 29 ದಿನವೋ ಅನ್ನುವ ತಲೆನೋವೂ ಇಲ್ಲ. ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್‌ನ ‘ಬಿಟ್ವೀನ್’ ಪದವನ್ನು ಸಮಯದ ಕಾಲಮ್‌ಗೆ ಬಳಸಬೇಡಿ ಅಂತ ನಾನು ಬೇಡಿಕೊಳ್ಳುವುದು ಇದಕ್ಕೇ. ಅದು ಎರಡೂ ಗಡಿಯನ್ನು ಒಳಗೆ ಸೇರಿಸಿಕೊಳ್ಳುತ್ತದೆ. 1ರಿಂದ 31 ಅಂತ ಕೊಟ್ಟರೆ 31ರ 00:00 ಗಂಟೆಗೆ ನಿಲ್ಲುತ್ತದೆ, 31ರ ಇಡೀ ದಿನದ ವ್ಯವಹಾರ ಕಾಣೆ. ಓದಲು ಅಷ್ಟು ಸಲೀಸಾದ ಪದ, ಅದರೊಳಗೇ ಈ ಗುಂಡಿ.

ಮೇಲಿನ ಎರಡು ಸಾಲುಗಳಲ್ಲಿ ಹೆಸರು ಬದಲಾದದ್ದನ್ನೂ ಗಮನಿಸಿ. ‘ಕೊನೆ_ದಿನ’ ಅಂದರೆ ಆ ದಿನ ಒಳಗೆ. ‘ಗಡುವು_ಮುಗಿದ_ಕ್ಷಣ’ ಅಂದರೆ ಆ ಕ್ಷಣ ಹೊರಗೆ. ಗಡಿ ಒಳಗೋ ಹೊರಗೋ ಅನ್ನುವುದನ್ನು ಹೆಸರೇ ಹೇಳಲಿ. ‘ಗರಿಷ್ಠ_ಮೊತ್ತ’ ಅಂತ ಹೆಸರಿಟ್ಟರೆ ‘<=’ ಬರಬೇಕು ಅಂತ ಓದುವವರಿಗೆ ಮೊದಲೇ ಗೊತ್ತು. ‘<’ ಕಂಡರೆ ಅನುಮಾನ ಬರುತ್ತದೆ. ‘ಮಿತಿ’ ಅಂತ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಸೊನ್ನೆ ಎಡಕ್ಕೋ ಬಲಕ್ಕೋ ಅನ್ನುವ ಚರ್ಚೆಗೆ ಕೊಟ್ಟ ಸಮಯದಲ್ಲಿ ಅರ್ಧವನ್ನು ನಿಮ್ಮ ಟೀಮ್ ಹೆಸರುಗಳಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಇನ್ನು ಜಾವಾಸ್ಕ್ರಿಪ್ಟ್. ಇಲ್ಲಿ ‘==’ ಬಿಟ್ಟು ‘===’ ಬಳಸಿ ಅನ್ನುವುದನ್ನು ನೀವು ಕೇಳಿರುತ್ತೀರಿ. ಕಾರಣ ಗೊತ್ತಿರಲಿ: ಎರಡು ‘=’ ಇದ್ದಾಗ ಅದು ಎರಡೂ ಕಡೆಯನ್ನು ಒಂದೇ ಜಾತಿಗೆ ತರಲು ತಾನೇ ಬದಲಾಯಿಸಿಕೊಳ್ಳುತ್ತದೆ. ಖಾಲಿ ಸ್ಟ್ರಿಂಗ್ (ಸ್ಟ್ರಿಂಗ್ ಅಂದರೆ ಅಕ್ಷರಗಳ ಸರಣಿ) ಮತ್ತು 0 ಅದಕ್ಕೆ ಸಮ. ಫಾರ್ಮ್‌ನಲ್ಲಿ ಯಾರೋ ಅಂಕ ತುಂಬದೇ ಬಿಟ್ಟಿದ್ದಾರೆ, ನಿಮ್ಮ ಕೋಡ್ ಅವರಿಗೆ ಸೊನ್ನೆ ಬಂದಿದೆ ಅನ್ನುತ್ತದೆ. ಗೈರುಹಾಜರಿಗೂ ಸೊನ್ನೆ ಅಂಕಕ್ಕೂ ಎಷ್ಟು ವ್ಯತ್ಯಾಸ ಅಂತ ಪರೀಕ್ಷೆ ಬರೆದ ಮಕ್ಕಳಿಗೆ ಗೊತ್ತು. 1999ರ ಮೂರನೇ ಆವೃತ್ತಿಯಿಂದ ‘===’ ಆ ಭಾಷೆಯ ಮಾನಕದಲ್ಲೇ ಇದೆ, ಬಳಸದಿರಲು ಕಾರಣ ಇಲ್ಲ.

ಆದರೆ ‘===’ ಇದ್ದಂತೆ ‘<’ಗೆ ಕಟ್ಟುನಿಟ್ಟಿನ ಜೋಡಿ ಇಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ. ಫಾರ್ಮ್‌ನಿಂದ ಬರುವುದೆಲ್ಲ ಸ್ಟ್ರಿಂಗ್. ಎರಡೂ ಕಡೆ ಸ್ಟ್ರಿಂಗ್ ಇದ್ದರೆ ನಿಘಂಟಿನಲ್ಲಿ ಪದ ಜೋಡಿಸುವಂತೆ ಅಕ್ಷರ ಅಕ್ಷರ ಹೋಲಿಸುತ್ತದೆ:

'100' < '35'

ಇದಕ್ಕೆ ಅದರ ಉತ್ತರ ನಿಜ ಅಂತ! 1 ಅನ್ನುವುದು 3ಕ್ಕಿಂತ ಮೊದಲು ಬರುತ್ತದಲ್ಲ. ನೂರಕ್ಕೆ ನೂರು ತೆಗೆದ ಮಗು ಫೇಲ್. ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು) ಇದ್ದಾಗ ಇನ್ನೂ ವಿಚಿತ್ರ. ‘ನಲ್ > 0’ ಸುಳ್ಳು, ‘ನಲ್ == 0’ ಸುಳ್ಳು, ಆದರೆ ‘ನಲ್ >= 0’ ನಿಜ. ಹಾಗಾಗಿ ಹೊರಗಿನಿಂದ ಬಂದದ್ದನ್ನು ಬಾಗಿಲಲ್ಲೇ ಸಂಖ್ಯೆ ಮಾಡಿಕೊಳ್ಳಿ, ಖಾಲಿ ಇದ್ದರೆ ಅಲ್ಲೇ ತಡೆಯಿರಿ. ಹೋಲಿಕೆಯ ಸಾಲಿನಲ್ಲಿ ಈ ಕೆಲಸ ಮಾಡಲು ಹೋಗಬೇಡಿ.

‘>=’ ಬದಲು ‘=>’ ಎಂದು ಬೆರಳು ತಪ್ಪುವುದೂ ಉಂಟು. ಜಾವಾಸ್ಕ್ರಿಪ್ಟ್‌ನಲ್ಲಿ ‘ವಯಸ್ಸು => 18’ ಅಂದರೆ ಅದೊಂದು ಫಂಕ್ಷನ್. ಕಂಡೀಷನ್ ಒಳಗೆ ಫಂಕ್ಷನ್ ಯಾವಾಗಲೂ ನಿಜ, ತಪ್ಪೂ ಬರುವುದಿಲ್ಲ. ‘ಹೆಚ್ಚು ಅಥವಾ ಸಮ’ ಅಂತ ಬಾಯಲ್ಲಿ ಹೇಳಿಕೊಳ್ಳಿ. ಹೇಳುವ ಕ್ರಮದಲ್ಲೇ ಚಿಹ್ನೆ ಬರುತ್ತದೆ, ಮೊದಲು ‘>’, ಆಮೇಲೆ ‘=’.

ಪೈಥಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಶೈಲಿಯ ಕೈಪಿಡಿಯಾದ ಪೆಪ್ 8 ಚೆನ್ನಾಗಿದೆ. 2001ರಿಂದ ಇದೆ, ಒಂದು ಸಂಜೆಯಲ್ಲಿ ಓದಬಹುದು. ಹೋಲಿಕೆಯ ಚಿಹ್ನೆಯ ಎರಡೂ ಪಕ್ಕ ಜಾಗ ಬಿಡಿ, ನನ್ (ಪೈಥಾನ್‌ನಲ್ಲಿ ‘ಏನೂ ಇಲ್ಲ’) ಇದೆಯೇ ಅಂತ ನೋಡಲು ‘==’ ಬೇಡ, ‘ಇಸ್’ ಬಳಸಿ, ಹೌದು-ಇಲ್ಲ ಹೇಳುವ ವೇರಿಯಬಲ್ ಅನ್ನು ಮತ್ತೆ ‘== ಟ್ರೂ’ ಅಂತ ಕೇಳಬೇಡಿ ಅನ್ನುತ್ತದೆ. ಕೊನೆಯದು ನನಗೆ ಬಹಳ ಇಷ್ಟ. ‘ಹಣ_ಕಟ್ಟಿದ್ದಾರೆ == ಟ್ರೂ’ ಅಂದರೆ ‘ಹಣ ಕಟ್ಟಿದ್ದಾರೆ ಅನ್ನುವುದು ನಿಜವಾಗಿದ್ದರೆ’ ಅಂತ ಎಳೆದಂತೆ. ‘ಹಣ ಕಟ್ಟಿದ್ದರೆ’ ಅನ್ನುವುದೇ ನಮ್ಮ ಮಾತು. ಹಾಗೆಯೇ ‘!(ವಯಸ್ಸು < 18)’ ಅನ್ನುವುದನ್ನು ‘ವಯಸ್ಸು >= 18’ ಮಾಡಿ. ‘ಕಡಿಮೆ ಅಲ್ಲದಿದ್ದರೆ’ ಅಂತ ಯಾರನ್ನೂ ಸುತ್ತಿಸಬೇಡಿ. ಒಂದೇ ಎಚ್ಚರ: ದಶಮಾಂಶ ಸಂಖ್ಯೆಗಳಲ್ಲಿ ನ್ಯಾನ್ (‘ಸಂಖ್ಯೆ ಅಲ್ಲ’) ಅನ್ನುವ ಬೆಲೆ ನುಸುಳಿದ್ದರೆ ಈ ಎರಡು ಸಾಲು ಒಂದೇ ಅಲ್ಲ, ಏಕೆಂದರೆ ನ್ಯಾನ್ ಯಾವುದಕ್ಕೂ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ, ತನಗೆ ತಾನೇ ಸಮವೂ ಅಲ್ಲ.

ದಶಮಾಂಶ ಅಂದಮೇಲೆ ಹಾಜರಿಯ ಪರ್ಸೆಂಟ್ ಹೇಳಲೇಬೇಕು, ನಿಮ್ಮ ದಿನನಿತ್ಯದ ಕೆಲಸ ಅದು. ಕಂಪ್ಯೂಟರ್‌ಗೆ 0.1 + 0.2 ಎಂಬುದು 0.3ಕ್ಕೆ ಸಮ ಅಲ್ಲ, 0.29 * 100 ಎಂಬುದು 29 ಅಲ್ಲ, 28.999999999999996. ಭಾಗಿಸಿ, ನೂರರಿಂದ ಗುಣಿಸಿ, ಆಮೇಲೆ ಹೋಲಿಸಿದರೆ ಗಡಿ 75 ಇದ್ದಾಗ ಹೇಗೋ ಬಚಾವ್, ಆದರೆ ಗಡಿ 29ರಂಥದ್ದಾದರೆ ಸರಿಯಾಗಿ ಗಡಿಯಲ್ಲಿರುವ ಹುಡುಗ ಕೆಳಗೆ ಬಿದ್ದಾನು. ಭಾಗಾಕಾರವನ್ನೇ ಬಿಡಿ:

ಬಂದ_ದಿನ * 100 >= ಒಟ್ಟು_ದಿನ * 75

ಎಲ್ಲ ಪೂರ್ಣಾಂಕ, ಗಡಿ ಗಡಿಯಲ್ಲೇ ನಿಲ್ಲುತ್ತದೆ. ಹಣವನ್ನೂ ಹಾಗೆಯೇ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಆಗ ‘ಬಾಕಿ === 0’ ಅನ್ನುವ ಸಾಲನ್ನು ನಂಬಬಹುದು. ರೂಪಾಯಿಯನ್ನು ದಶಮಾಂಶದಲ್ಲಿ ಇಟ್ಟಿದ್ದರೆ ಸೊನ್ನೆ ಎಡಕ್ಕೆ ಬಂದರೂ ಬಲಕ್ಕೆ ಬಂದರೂ ಆ ಸಾಲು ನಂಬಿಕೆಗೆ ಅರ್ಹವಲ್ಲ. ನಿಮ್ಮ ಲೀಡ್‌ಗೆ ಇದನ್ನು ತೋರಿಸಿ. ಸಿಯಲ್ಲಿ ಪಳಗಿದವರಿಗೆ ತಕ್ಷಣ ಅರ್ಥವಾಗುತ್ತದೆ, ನಿಮ್ಮ ಮೇಲೆ ಗೌರವವೂ ಬರುತ್ತದೆ.

ಒಂದು ಸಾಲಿನಲ್ಲಿ ಮೂರು ಹೋಲಿಕೆ ಸೇರಿದರೆ ಅದಕ್ಕೊಂದು ಹೆಸರು ಕೊಟ್ಟು ಹೊರಗೆ ತೆಗೆಯಿರಿ. ‘ರಿಯಾಯಿತಿಗೆ_ಅರ್ಹ’ ಅಂತ ಒಂದು ವೇರಿಯಬಲ್ ಮಾಡಿ, ಕಂಡೀಷನ್‌ನಲ್ಲಿ ಆ ಹೆಸರೊಂದೇ ಇರಲಿ. ಕೋಡ್‌ಗೆ ಟೆಸ್ಟ್ ಬರೆಯುವಾಗ ಪ್ರತಿ ಗಡಿಗೂ ಮೂರು ಬೆಲೆ ಹಾಕಿ: ಗಡಿಗಿಂತ ಒಂದು ಕಡಿಮೆ, ಗಡಿ, ಒಂದು ಹೆಚ್ಚು. 74, 75, 76. ಇಷ್ಟು ಮಾಡಿದ್ದರೆ ಆ ಕಾಲೇಜಿನ ಮಕ್ಕಳಿಗೆ ನಾನು ದಂಡ ಹಾಕುತ್ತಿರಲಿಲ್ಲ.

ಇನ್ನು ನಿಮ್ಮ ಪುಲ್ ರಿಕ್ವೆಸ್ಟ್. ಶೈಲಿಯ ಮಾತನ್ನು ರಿವ್ಯೂನಲ್ಲಿ ಇಟ್ಟುಕೊಳ್ಳಬೇಡಿ. ಒಂದು ಅರ್ಧ ಗಂಟೆ ಮೂವರೂ ಕೂತು ತೀರ್ಮಾನ ಮಾಡಿ, ಲಿಂಟರ್‌ನ ಸೆಟ್ಟಿಂಗ್‌ಗೆ ಬರೆದುಬಿಡಿ. ಆಮೇಲೆ ಯಾರಿಗೂ ಯಾರೂ ಹೇಳುವ ಅಗತ್ಯ ಇಲ್ಲ. ಈಗಾಗಲೇ ಯೋಡಾದಲ್ಲಿ ಬರೆದಿರುವ ಹಳೆ ಕೋಡ್ ಅನ್ನು ಒಂದೇ ದಿನ ತಿರುಗಿಸಲು ಹೋಗಬೇಡಿ. ಆ ಸಾಲನ್ನು ಯಾರು, ಯಾವಾಗ, ಏಕೆ ಬರೆದರು ಅನ್ನುವ ಗಿಟ್ ಇತಿಹಾಸ ಮುಚ್ಚಿಹೋಗುತ್ತದೆ. ಬೇರೆ ಕೆಲಸಕ್ಕೆ ಆ ಫೈಲ್ ಮುಟ್ಟಿದಾಗ ಅಲ್ಲಷ್ಟೇ ಬದಲಾಯಿಸಿ.

ವರ್ಡ್‌ಪ್ರೆಸ್ ಪ್ಲಗಿನ್ ಮಾತ್ರ ಬೇರೆ. ವರ್ಡ್‌ಪ್ರೆಸ್‌ನ ಪಿಎಚ್‌ಪಿ ಶೈಲಿ ನಿಯಮ ಯೋಡಾವನ್ನೇ ಕೇಳುತ್ತದೆ. ಆ ಲೋಕದಲ್ಲಿ ಎಲ್ಲರೂ ಹಾಗೆ ಬರೆಯುವಾಗ ನಾವೊಬ್ಬರೇ ಬೇರೆ ಬರೆದರೆ ಓದುವವರಿಗೇ ತೊಂದರೆ. ಹಾಗಾಗಿ ಆ ಫೋಲ್ಡರ್‌ನಲ್ಲಿ ‘0 === ಬಾಕಿ’ ಇರಲಿ, ಅಲ್ಲಿ ನಿಮ್ಮ ಲೀಡ್ ಹೇಳಿದ್ದೇ ಸರಿ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ‘<’, ‘>’, ‘<=’, ‘>=’ ಇರುವ ಕಡೆ ಯೋಡಾ ಓದಲು ಬಹಳ ಕಷ್ಟ, ಅಲ್ಲಿ ಬೇಡ ಅಂತ. ಅಲ್ಲೂ ‘ಹಾಜರಿ < 75’ ಎಂದೇ ಬರೆಯಿರಿ.